ಟಿಶ್ಯೂ ಕಲ್ಚರ್ ಬಾಟಲಿ ಯಾಕೆ ಕೆಟ್ಟಿತು? ಹೂಗಿಡದ ಸಣ್ಣ ಲ್ಯಾಬ್‌ಗಳಿಗೆ ದೋಷ ನಿವಾರಣೆ ಕೈಪಿಡಿ

ಜರ್ಬೆರಾ, ಸೇವಂತಿಗೆ, ಕಾರ್ನೇಷನ್, ಆಂಥೂರಿಯಂ, ಗುಲಾಬಿ ಇಂಥ ಹೂಗಿಡಗಳನ್ನು ಟಿಶ್ಯೂ ಕಲ್ಚರ್‌ನಲ್ಲಿ (ಗಿಡದ ಸಣ್ಣ ತುಂಡನ್ನು ಬಾಟಲಿಯಲ್ಲಿ ಬೆಳೆಸಿ ಸಸಿ ಮಾಡುವ ವಿಧಾನ) ಮಾಡುವ ಸಣ್ಣ ಲ್ಯಾಬ್‌ನವರಿಗೆ ಈ ಬರಹ. ಬಾಟಲಿ ಸಸಿ ತಂದು ಹಾರ್ಡನಿಂಗ್ (ಹೊರಗಿನ ಹವೆಗೆ ಒಗ್ಗಿಸುವುದು) ಮಾತ್ರ ಮಾಡುವ ನರ್ಸರಿಯವರಿಗೂ ಕೊನೆಯ ಎರಡು ಭಾಗ ಉಪಯೋಗಕ್ಕೆ ಬರುತ್ತವೆ.

ಬಾಟಲಿ ಕೆಟ್ಟ ಕೂಡಲೇ ಹೆಚ್ಚಿನವರ ಕೈ ಹೋಗುವುದು ಹಾರ್ಮೋನ್ ಮೇಲೆ. ಬಿಎಪಿ (ಕವಲು ಬರಿಸುವ ಹಾರ್ಮೋನ್) ಸ್ವಲ್ಪ ಜಾಸ್ತಿ ಮಾಡೋಣ, ಎನ್‌ಎಎ (ಬೇರು ಬರಿಸುವ ಹಾರ್ಮೋನ್) ಕಮ್ಮಿ ಮಾಡೋಣ ಅಂತ. ಅದನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟಿ. ಎಂಎಸ್ ಮೀಡಿಯಾ, ಅಂದರೆ ಬಾಟಲಿಯಲ್ಲಿ ಗಿಡಕ್ಕೆ ಕೊಡುವ ಪೋಷಕಾಂಶದ ಮಿಶ್ರಣ, 1962ರಿಂದ ಬಳಕೆಯಲ್ಲಿದೆ. ಜರ್ಬೆರಾ, ಸೇವಂತಿಗೆಗೆ ಎಷ್ಟು ಹಾರ್ಮೋನ್ ಬೇಕು ಅನ್ನುವುದೂ ಗೊತ್ತಿರುವ ವಿಷಯವೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ನಮಗೆ ಕೈಕೊಡುವುದು ಬೇರೆ: ಬೋರ್‌ವೆಲ್ಲಿನ ಸವಳು ನೀರು, ಹೋಗಿ ಬರುವ ಕರೆಂಟು, ಬೇಸಿಗೆಯ ಧಗೆ, ರಾಶಿ ಕಾಲದ ಧೂಳು. ಇವನ್ನು ನೋಡಲು ದುಡ್ಡು ಬೇಡ, ಕಣ್ಣು ಸಾಕು. ಅದಕ್ಕೇ ಪ್ರತಿ ಲಕ್ಷಣದಲ್ಲೂ ಅಗ್ಗದ ಪರೀಕ್ಷೆಯನ್ನು ಮೊದಲು ಬರೆದಿದ್ದೇನೆ.

ಎಸೆಯುವ ಮುಂಚೆ

ಕೆಟ್ಟ ಬಾಟಲಿಯನ್ನು ಕಂಡ ಕೂಡಲೇ ತೊಳೆಯುವ ಬುಟ್ಟಿಗೆ ಹಾಕಬೇಡಿ. ಮೊದಲು ಮೂರು ವಿಷಯ ಬರೆದುಕೊಳ್ಳಿ. ಯಾವ ತಾರೀಖಿನ ಮೀಡಿಯಾ? ಯಾರು ಹಾಕಿದ್ದು, ಯಾವ ತಾಯಿ ಗಿಡದ್ದು? ಯಾವ ರ‍್ಯಾಕಿನ ಎಷ್ಟನೇ ಹಲಗೆಯಲ್ಲಿತ್ತು? ಬಾಟಲಿ ಮೇಲೆ ಇದೆಲ್ಲ ಬರೆದಿಲ್ಲ ಅಂದರೆ ಇವತ್ತೇ ಒಂದು ಮಾರ್ಕರ್ ಪೆನ್ನು ತನ್ನಿ. ಅರ್ಧದಷ್ಟು ದೋಷ ಈ ಮೂರು ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತದೆ.

ಎಚ್ಚರಿಕೆ: ಬೂಷ್ಟು ಹಿಡಿದ ಬಾಟಲಿಯ ಮುಚ್ಚಳವನ್ನು ಕಲ್ಚರ್ ರೂಮಿನಲ್ಲಿ ತೆರೆಯಲೇಬೇಡಿ. ಒಂದು ಬಾಟಲಿಯ ಬೂಷ್ಟಿನ ಬೀಜಕಣ ಇಡೀ ಕೋಣೆಗೆ ಸಾಕು, ನಿಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಮುಚ್ಚಳ ಇದ್ದಂತೆಯೇ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ), ಆಮೇಲೆ ಹೊರಗಡೆ ತೆರೆದು ತೊಳೆಯಿರಿ. ಆಸ್ತಮಾ ಇರುವವರಿಗೆ ಈ ಕೆಲಸ ಕೊಡಬೇಡಿ.

ಲಕ್ಷಣ: ಬಾಟಲಿಯಲ್ಲಿ ಬೂಷ್ಟು

ಬಿಳಿ ಹತ್ತಿಯಂತೆ, ಹಸಿರು ಪುಡಿಯಂತೆ ಅಥವಾ ಕಪ್ಪು ಚುಕ್ಕಿಯಂತೆ ಕಾಣುತ್ತದೆ. ಬಣ್ಣಕ್ಕಿಂತ ಮುಖ್ಯ, ಅದು ಎಲ್ಲಿ ಶುರುವಾಯಿತು ಅನ್ನುವುದು. ಬಾಟಲಿಯನ್ನು ದೀಪಕ್ಕೆ ಅಡ್ಡ ಹಿಡಿದು ನೋಡಿ.

ಗಿಡದ ತುಂಡಿನಿಂದ ದೂರ, ಅಗರ್ (ಮೀಡಿಯಾವನ್ನು ಗಟ್ಟಿ ಮಾಡುವ ಜೆಲ್ಲಿ) ಮೇಲೆ ಎಲ್ಲೋ ಒಂದು ಕಡೆ ದುಂಡಗೆ ಎದ್ದಿದ್ದರೆ ಅದು ಗಾಳಿಯಿಂದ ಅಥವಾ ಕೈಯಿಂದ ಬಿದ್ದದ್ದು. ತುಂಡಿನ ಮೈಯಿಂದಲೇ ಎದ್ದಿದ್ದರೆ ತುಂಡನ್ನು ಸರಿಯಾಗಿ ಶುದ್ಧ ಮಾಡಿಲ್ಲ. ಬಾಟಲಿಯ ಬಾಯಿ ಹತ್ತಿರ, ಅದೂ ಮೂರು ನಾಲ್ಕು ವಾರ ಚೆನ್ನಾಗಿದ್ದ ಮೇಲೆ ಬಂದಿದ್ದರೆ ಮುಚ್ಚಳದ ದೋಷ. ಅಗರ್ ಮೇಲೆ ಸಣ್ಣ ಸಣ್ಣ ಚುಕ್ಕಿಗಳು ಸಾಲಾಗಿ, ಯಾರೋ ನಡೆದುಹೋದ ಹಾಗೆ ಕಂಡರೆ ಅದು ಮೈಟ್ ನುಸಿ. ನುಸಿ ಬೂಷ್ಟಿನ ಕಣಗಳನ್ನು ಕಾಲಿಗೆ ಅಂಟಿಸಿಕೊಂಡು ಬಾಟಲಿಯಿಂದ ಬಾಟಲಿಗೆ ಓಡಾಡುತ್ತದೆ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಪ್ರತಿ ಸಲ ಮೀಡಿಯಾ ಮಾಡಿದಾಗ ನಾಲ್ಕೈದು ಬಾಟಲಿಗೆ ಏನೂ ಹಾಕದೆ ಒಂದು ವಾರ ಹಾಗೇ ಇಡಿ. ಆ ಖಾಲಿ ಬಾಟಲಿಗಳೂ ಕೆಟ್ಟರೆ ತಪ್ಪು ಆಟೋಕ್ಲೇವ್‌ನದ್ದು ಅಥವಾ ಮುಚ್ಚಳದ್ದು. ಅವು ಚೆನ್ನಾಗಿದ್ದು ಗಿಡ ಹಾಕಿದವು ಮಾತ್ರ ಕೆಟ್ಟರೆ ತಪ್ಪು ಲ್ಯಾಮಿನಾರ್‌ನಲ್ಲಿ (ಸೋಸಿದ ಗಾಳಿ ಬೀಸುವ ಕೆಲಸದ ಮೇಜು), ಕೈಯಲ್ಲಿ ಅಥವಾ ತಾಯಿ ಗಿಡದಲ್ಲಿ.

ಆಟೋಕ್ಲೇವ್ ಮೇಲೆ ಅನುಮಾನ ಬಂದರೆ ಇವನ್ನು ನೋಡಿ. 121 ಡಿಗ್ರಿ ಶಾಖ, 15 ಪೌಂಡ್ ಒತ್ತಡ, 15ರಿಂದ 20 ನಿಮಿಷ ಅನ್ನುವುದು ಸಣ್ಣ ಬಾಟಲಿಗಳ ಲೆಕ್ಕ. ಒಂದು ಲೀಟರ್ ಫ್ಲಾಸ್ಕ್ ಇಟ್ಟರೆ ಅದರ ನಡುಮಧ್ಯಕ್ಕೆ ಶಾಖ ಮುಟ್ಟಲು ಇನ್ನೂ ಹೊತ್ತು ಬೇಕು, ಅರ್ಧ ಗಂಟೆಗಿಂತ ಕಡಿಮೆ ಮಾಡಬೇಡಿ. ಒಳಗಿನ ಗಾಳಿ ಪೂರ್ತಿ ಹೋಗುವ ಮುಂಚೆ ಕವಾಟ ಮುಚ್ಚಿದರೆ ಮುಳ್ಳು 15 ತೋರಿಸುತ್ತದೆ, ಶಾಖ ಮಾತ್ರ 121 ಮುಟ್ಟಿರುವುದಿಲ್ಲ. ಹಬೆ ಒಂದೇ ಸಮನೆ ಜೋರಾಗಿ ಬರುವವರೆಗೆ ಕಾಯಿರಿ, ಆಮೇಲೆ ಮುಚ್ಚಿ. ಬಾಟಲಿಗಳನ್ನು ಒತ್ತೊತ್ತಾಗಿ ತುಂಬಿದರೂ ಹಬೆ ನಡುವೆ ಹೋಗುವುದಿಲ್ಲ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿ ಪ್ರೆಶರ್ ಕುಕ್ಕರ್‌ನಲ್ಲಿ ಮಾಡುವವರಿಗೆ ಅದೇ ಒತ್ತಡದಲ್ಲಿ ಶಾಖ ಒಂದೆರಡು ಡಿಗ್ರಿ ಕಡಿಮೆ ಸಿಗುತ್ತದೆ. ಐದು ನಿಮಿಷ ಜಾಸ್ತಿ ಇಟ್ಟರೆ ಸಾಕು. ಆಟೋಕ್ಲೇವ್ ಟೇಪ್ ಕಪ್ಪಾಗಿದ್ದನ್ನು ನೋಡಿ ಮಾತ್ರ ನಂಬಬೇಡಿ, ಶಾಖ ತಗುಲಿದೆ ಅಂತ ಅಷ್ಟೇ ಅದು ಹೇಳುತ್ತದೆ.

ಎಚ್ಚರಿಕೆ: ಒತ್ತಡ ಸೊನ್ನೆಗೆ ಇಳಿಯುವವರೆಗೆ ಮುಚ್ಚಳ ಮುಟ್ಟಬೇಡಿ. ಆಮೇಲೂ ಹತ್ತು ನಿಮಿಷ ಬಿಡಿ. ಬಿಸಿ ಮೀಡಿಯಾ ಅಲುಗಾಡಿದರೆ ಒಮ್ಮೆಲೇ ಉಕ್ಕಿ ಮುಖಕ್ಕೆ ಹಾರುತ್ತದೆ. ಸೇಫ್ಟಿ ವಾಲ್ವ್‌ನಿಂದ ಹಬೆ ಸೋರುತ್ತಿದ್ದರೆ, ಗ್ಯಾಸ್ಕೆಟ್ ಬಿರಿದಿದ್ದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಕರೆಸಿ. ತಂತಿ ಕಟ್ಟಿ, ಬಟ್ಟೆ ತುರುಕಿ ಓಡಿಸಬೇಡಿ.

ಲ್ಯಾಮಿನಾರ್ ಮೇಲೆ ಅನುಮಾನ ಬಂದರೆ ಮೊದಲು ಮುಂದಿನ ಪ್ರೀ ಫಿಲ್ಟರ್ ಬಿಚ್ಚಿ ನೋಡಿ. ಜೋಳದ ರಾಶಿ, ಕಡಲೆ ರಾಶಿ ನಡೆಯುವ ಕಾಲದಲ್ಲಿ ಎರಿ ಹೊಲದ ಧೂಳು ಅದನ್ನು ಬಹಳ ಬೇಗ ಮುಚ್ಚಿಬಿಡುತ್ತದೆ. ಮುಧೋಳ, ಜಮಖಂಡಿ, ಗೋಕಾಕ ಕಡೆ ಕಬ್ಬಿನ ರವದಿ ಸುಡುವ ಕಾಲದ ಕರಿಯೂ ಅದೇ ಕೆಲಸ ಮಾಡುತ್ತದೆ. ಪ್ರೀ ಫಿಲ್ಟರ್ ತೊಳೆದು ಒಣಗಿಸಿ ಹಾಕುವುದಕ್ಕೆ ಖರ್ಚಿಲ್ಲ. ಆ ಕಾಲದಲ್ಲಿ ವಾರಕ್ಕೊಮ್ಮೆ ಮಾಡಿ. ಆಮೇಲೂ ಗಾಳಿ ಮುಖಕ್ಕೆ ತಣ್ಣಗೆ ಒಂದೇ ಸಮನೆ ತಾಗದಿದ್ದರೆ ಹೆಪಾ ಫಿಲ್ಟರ್ ಕಟ್ಟಿರಬಹುದು ಅಥವಾ ಹರಿದಿರಬಹುದು. ಅದನ್ನು ನೀವೇ ತೊಳೆಯಲು ಆಗುವುದಿಲ್ಲ. ಗಾಳಿಯ ವೇಗ ಅಳೆಯುವ ಸರ್ವೀಸ್‌ನವರನ್ನು ಕರೆಸಿ, ಸೆಕೆಂಡಿಗೆ ಸುಮಾರು 0.45 ಮೀಟರ್ ಇರಬೇಕು.

ಕೆಲಸದ ನಡುವೆ ಕರೆಂಟ್ ಹೋದರೆ ಮುಗಿಸಿಬಿಡೋಣ ಅಂತ ಮುಂದುವರಿಸಬೇಡಿ. ಬಾಟಲಿ ಮುಚ್ಚಿ, ಕೈ ತೆಗೆಯಿರಿ. ಕರೆಂಟ್ ಬಂದ ಮೇಲೆ 15–20 ನಿಮಿಷ ಲ್ಯಾಮಿನಾರ್ ಸುಮ್ನೆ ಓಡಲಿ, ಆಮೇಲೆ ಕೂರಿ. ಇನ್ವರ್ಟರ್‌ಗೆ ಒಂದೇ ಒಂದು ಉಪಕರಣ ಜೋಡಿಸಲು ಆಗುವುದಾದರೆ ಅದು ಲ್ಯಾಮಿನಾರ್ ಆಗಿರಲಿ.

ಇನ್ನು ಮುಚ್ಚಳ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಎಸಿ ನಿಂತಾಗ ಕೋಣೆ ಕಾಯುತ್ತದೆ, ಬಾಟಲಿಯ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಕರೆಂಟ್ ಬಂದು ತಣ್ಣಗಾದಾಗ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಜೊತೆಗೆ ಧೂಳನ್ನೂ. ಏಪ್ರಿಲ್, ಮೇನಲ್ಲಿ ಹಳೇ ಬಾಟಲಿಗಳು ಇದ್ದಕ್ಕಿದ್ದಂತೆ ಬಾಯಿ ಹತ್ತಿರ ಬೂಷ್ಟು ಹಿಡಿಯುವುದಕ್ಕೆ ಇದೇ ಕಾರಣ. ಸಡಿಲಾದ ಮುಚ್ಚಳ ಎಸೆಯಿರಿ, ಮುಚ್ಚಳದ ಸುತ್ತ ಕ್ಲಿಂಗ್ ಫಿಲ್ಮ್ ಪಟ್ಟಿ ಸುತ್ತಿ, ಎಸಿ ಮುಂದಿನ ಹಲಗೆಯಲ್ಲಿ ಬಾಟಲಿ ಇಡಬೇಡಿ.

ನುಸಿ ಕಂಡರೆ ತಡ ಮಾಡಬೇಡಿ. ಆ ಹಲಗೆಯ ಬಾಟಲಿಗಳನ್ನೆಲ್ಲ ಆಟೋಕ್ಲೇವ್ ಮಾಡಿ, ಚೆನ್ನಾಗಿ ಕಾಣುವವನ್ನೂ ಸೇರಿಸಿ. ಕಷ್ಟ ಅನ್ನಿಸುತ್ತದೆ, ನಿಜ. ನಾಲ್ಕು ಬಾಟಲಿ ಉಳಿಸಲು ಹೋಗಿ ಕೋಣೆಯನ್ನೇ ಕಳೆದುಕೊಂಡ ಲ್ಯಾಬ್‌ಗಳಿವೆ. ಪಾಲಿಹೌಸ್‌ನಲ್ಲಿ ಓಡಾಡಿದ ಬಟ್ಟೆಯಲ್ಲೇ ಕಲ್ಚರ್ ರೂಮಿಗೆ ಬರುವ ಅಭ್ಯಾಸ ನಿಲ್ಲಬೇಕು.

ಲಕ್ಷಣ: ತುಂಡಿನ ಬುಡದಲ್ಲಿ ಹಾಲಿನಂಥ ಮಸುಕು

ಅಗರ್ ಒಳಗೆ, ತುಂಡಿನ ಬುಡದ ಸುತ್ತ ಮಂಜು ಕವಿದಂತೆ ಕಾಣುತ್ತದೆ. ಕೆಲವೊಮ್ಮೆ ಮೇಲೆ ಅಂಟಂಟು ಲೋಳೆ, ಹಳದಿ ಅಥವಾ ಗುಲಾಬಿ ಬಣ್ಣ. ಇದು ಬ್ಯಾಕ್ಟೀರಿಯಾ.

ಎರಡು ಮೂರು ದಿನದಲ್ಲೇ ಬಂದರೆ ಶುದ್ಧ ಮಾಡಿದ್ದು ಸಾಲದು ಅಂತ ಅರ್ಥ. ಒಂದೇ ದಿನ, ಒಬ್ಬರೇ ಹಾಕಿದ ಬಾಟಲಿಗಳಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಬಂದಿದ್ದರೆ ಚಿಮಟ ಅಥವಾ ಬ್ಲೇಡು ಅದನ್ನು ಹೊತ್ತೊಯ್ದಿದೆ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಸ್ಪಿರಿಟ್‌ನಲ್ಲಿ ಸಾಯುವುದಿಲ್ಲ. ಚಿಮಟವನ್ನು ಸ್ಪಿರಿಟ್‌ನಲ್ಲಿ ಅದ್ದಿದರೆ ಮುಗಿಯಲಿಲ್ಲ, ಅದಕ್ಕೆ ಶಾಖ ಬೇಕು. ಗ್ಲಾಸ್ ಬೀಡ್ ಸ್ಟೆರಿಲೈಸರ್ ಇದ್ದರೆ ಬಹಳ ಒಳ್ಳೆಯದು, ಬೆಂಕಿಯ ಭಯವೂ ಇಲ್ಲ. ಒಂದು ಚಿಮಟ ತಣ್ಣಗಾಗುವಾಗ ಇನ್ನೊಂದರಲ್ಲಿ ಕೆಲಸ ಮಾಡಿ. ಪ್ರತಿ ಗಿಡಕ್ಕೂ ಬದಲಿಸಿ. ಒರೆಸಲು ಸ್ಪಿರಿಟ್ ಶೇ 70 ಇರಲಿ, ಶುದ್ಧ ಸ್ಪಿರಿಟ್‌ಗಿಂತ ಅದೇ ಚೆನ್ನಾಗಿ ಕೊಲ್ಲುತ್ತದೆ.

ಎಚ್ಚರಿಕೆ: ಸ್ಪಿರಿಟ್ ಒರೆಸಿದ ಕೈ, ಮೇಜು ಪೂರ್ತಿ ಒಣಗುವವರೆಗೆ ಬರ್ನರ್ ಹಚ್ಚಬೇಡಿ. ಬಿಸಿ ಚಿಮಟವನ್ನು ಸ್ಪಿರಿಟ್ ಜಾಡಿಗೆ ಅದ್ದಬೇಡಿ. ಲ್ಯಾಮಿನಾರ್‌ನ ಗಾಳಿ ಬೆಂಕಿಯನ್ನು ನಿಮ್ಮ ಕಡೆಗೇ ತಳ್ಳುತ್ತದೆ. ಯುವಿ ದೀಪ ಹತ್ತಿರುವಾಗ ಮುಂದೆ ಕೂರಬೇಡಿ, ಕಣ್ಣು ಸುಡುತ್ತದೆ.

ಶುದ್ಧ ಮಾಡುವ ದ್ರಾವಣವನ್ನೂ ನೋಡಿ. ಅಂಗಡಿಯ ಸೋಡಿಯಂ ಹೈಪೋಕ್ಲೋರೈಟ್ ಶಾಖಕ್ಕೆ, ಬೆಳಕಿಗೆ ಸತ್ವ ಕಳೆದುಕೊಳ್ಳುತ್ತದೆ. ವಿಜಯಪುರದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನಲ್ಲಿಟ್ಟ ಕ್ಯಾನಿನಲ್ಲಿ ಲೇಬಲ್ ಹೇಳುವಷ್ಟು ಕ್ಲೋರಿನ್ ಉಳಿದಿರುವುದಿಲ್ಲ. ಸಣ್ಣ ಬಾಟಲಿ ತನ್ನಿ, ಕತ್ತಲಲ್ಲಿ ತಂಪಾಗಿಡಿ. ಶೇ 1ರಿಂದ 1.5ರಷ್ಟು ಬರುವಂತೆ ಬೆರೆಸಿ, ಒಂದೆರಡು ಹನಿ ಟ್ವೀನ್ 20 (ದ್ರಾವಣ ಚೆನ್ನಾಗಿ ಅಂಟುವಂತೆ ಮಾಡುವ ಸಾಬೂನಿನಂಥ ದ್ರವ) ಹಾಕಿ, 10–15 ನಿಮಿಷ ಅಲ್ಲಾಡಿಸಿ, ಆಟೋಕ್ಲೇವ್ ಮಾಡಿದ ನೀರಲ್ಲಿ ಮೂರು ಸಲ ತೊಳೆಯಿರಿ. ಇದನ್ನು ಆಸಿಡ್ ಜೊತೆ, ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಬಾರದು. ಬರುವ ಕ್ಲೋರಿನ್ ಅನಿಲ ಪ್ರಾಣಕ್ಕೇ ಅಪಾಯ. ಮರ್ಕ್ಯುರಿಕ್ ಕ್ಲೋರೈಡ್ ಬಳಸಿದರೆ ಚೆನ್ನಾಗಿ ಕೊಲ್ಲುತ್ತದೆ ಅಂತ ಹೇಳುವವರಿದ್ದಾರೆ, ಸುಳ್ಳಲ್ಲ. ಆದರೆ ಅದು ಪಾದರಸದ ವಿಷ, ಚರಂಡಿಗೆ ಚೆಲ್ಲಿದರೆ ಊರಿನ ನೀರಿಗೆ ಸೇರುತ್ತದೆ. ವಿಲೇವಾರಿಗೆ ವ್ಯವಸ್ಥೆ ಇಲ್ಲದ ಸಣ್ಣ ಲ್ಯಾಬ್ ಅದನ್ನು ಮುಟ್ಟಲೇಬಾರದು ಅನ್ನುವುದು ನನ್ನ ಗಟ್ಟಿ ನಿಲುವು.

ಎರಡು ಮೂರು ಸಬ್‌ಕಲ್ಚರ್ (ಗಿಡವನ್ನು ಹೊಸ ಮೀಡಿಯಾಕ್ಕೆ ಸಾಗಿಸುವುದು) ಚೆನ್ನಾಗಿ ಆದ ಮೇಲೆ ಎಲ್ಲ ಬಾಟಲಿಯಲ್ಲೂ ತೆಳುವಾಗಿ ಮಸುಕು ಬಂದರೆ ಬ್ಯಾಕ್ಟೀರಿಯಾ ಗಿಡದ ಒಳಗೇ ಇತ್ತು. ಹೊರಗಿನ ಯಾವ ದ್ರಾವಣವೂ ಅದನ್ನು ಮುಟ್ಟುವುದಿಲ್ಲ. ಆಂಟಿಬಯೋಟಿಕ್ ಹಾಕಿದರೆ ಅಡಗಿ ಕೂತು ಮತ್ತೆ ಏಳುತ್ತದೆ. ಇಲ್ಲಿಗೆ ನಿಲ್ಲಿಸಿ, ಆ ಸಾಲನ್ನು, ಅಂದರೆ ಅದೇ ತಾಯಿ ಗಿಡದಿಂದ ಬಂದದ್ದನ್ನೆಲ್ಲ, ಪೂರ್ತಿ ತೆಗೆಯಿರಿ. ಹೊಸ ತಾಯಿ ಗಿಡವನ್ನು ಕೆಲವು ವಾರ ಒಣ ಜಾಗದಲ್ಲಿ, ಎಲೆ ಮೇಲೆ ನೀರು ಬೀಳದಂತೆ ಬುಡಕ್ಕೆ ಮಾತ್ರ ನೀರು ಕೊಟ್ಟು ಬೆಳೆಸಿ. ಹೊಸದಾಗಿ ಚಿಗುರಿದ ತುದಿಯಿಂದ ಶುರು ಮಾಡಿ.

ಲಕ್ಷಣ: ಅಗರ್ ಗಟ್ಟಿಯಾಗುತ್ತಿಲ್ಲ, ಅಥವಾ ತಳದಲ್ಲಿ ಪುಡಿ ಕೂರುತ್ತಿದೆ

ಅಗರ್ ಗಂಜಿಯಂತೆ ಉಳಿದರೆ ಮೊದಲು ತಕ್ಕಡಿ ನೋಡಿ. ಲೀಟರಿಗೆ 7–8 ಗ್ರಾಂ ಬಿದ್ದಿದೆಯಾ? ಆಮೇಲೆ ಪಿಎಚ್. 5.7–5.8 ಇರಬೇಕಾದದ್ದು 5ಕ್ಕಿಂತ ಕೆಳಗಿಳಿದರೆ ಅಗರ್ ಹಿಡಿಯುವುದಿಲ್ಲ. ಮೀಟರ್ ಸುಳ್ಳು ಹೇಳುತ್ತಿರಬಹುದು. 4 ಮತ್ತು 7ರ ಬಫರ್‌ನಲ್ಲಿ ಸರಿಹೊಂದಿಸಿ. ಎಲೆಕ್ಟ್ರೋಡನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿಡುವ ಅಭ್ಯಾಸ ಬಹಳ ಕಡೆ ಇದೆ, ಅದು ಎಲೆಕ್ಟ್ರೋಡನ್ನೇ ಕೆಡಿಸುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಡಬೇಕು. ಆಟೋಕ್ಲೇವ್‌ನಲ್ಲಿ ಬಹಳ ಹೊತ್ತು ಬೆಂದರೂ ಅಗರ್ ಸತ್ವ ಕಳೆದುಕೊಳ್ಳುತ್ತದೆ.

ತಳದಲ್ಲಿ ಪುಡಿ ಕೂತರೆ ನೀರನ್ನು ಅನುಮಾನಿಸಿ. ನಮ್ಮ ಬಯಲು ಸೀಮೆಯ ಬೋರ್ ನೀರು ಎಂಥದ್ದು ಅಂತ ಕೊಡದ ಒಳಗೆ ಕಟ್ಟುವ ಬಿಳಿ ಪೊರೆಯೇ ಹೇಳುತ್ತದೆ. ಟಿಡಿಎಸ್ ಪೆನ್ನು (ನೀರಲ್ಲಿ ಕರಗಿದ ಉಪ್ಪು ಅಳೆಯುವ ಸಾಧನ) ತಂದು ಡಿಸ್ಟಿಲ್ಡ್ ವಾಟರ್‌ಗೆ ಅದ್ದಿ. ಸೊನ್ನೆಯ ಹತ್ತಿರ ತೋರಿಸಬೇಕು, ಎರಡಂಕಿ ಬಂದರೆ ಆ ನೀರು ಮೀಡಿಯಾಕ್ಕೆ ಬೇಡ. ಮನೆಯ ಆರ್‌ಒ ನೀರು ಬಾಟಲಿ ತೊಳೆಯಲು ಆದೀತು, ಮೀಡಿಯಾಕ್ಕೆ ಆಗದು. ನೀರು ಸರಿ ಇದ್ದೂ ಪುಡಿ ಕೂತರೆ ಸ್ಟಾಕ್ ದ್ರಾವಣ (ಮೊದಲೇ ಗಟ್ಟಿಯಾಗಿ ಮಾಡಿಟ್ಟು ಆಮೇಲೆ ಬೆರೆಸುವ ದ್ರಾವಣ) ನೋಡಿ. ಕ್ಯಾಲ್ಸಿಯಂ ಅನ್ನು ಸಲ್ಫೇಟ್, ಫಾಸ್ಫೇಟ್ ಜೊತೆ ಒಂದೇ ಸ್ಟಾಕಿನಲ್ಲಿ ಹಾಕಿದರೆ ಗಟ್ಟಿಯಾಗಿ ತಳಕ್ಕಿಳಿಯುತ್ತದೆ. ಅದರ ಸ್ಟಾಕ್ ಬೇರೆಯೇ ಇರಬೇಕು.

ಲಕ್ಷಣ: ತುಂಡು ಕಂದಾಗಿ ಕಪ್ಪಾಗುತ್ತದೆ

ಇಲ್ಲಿ ಎರಡು ಬೇರೆ ಬೇರೆ ರೋಗ ಒಂದೇ ಥರ ಕಾಣುತ್ತವೆ. ತುಂಡು ಕಪ್ಪಾಗಿ ಅದರ ಸುತ್ತಲಿನ ಅಗರ್‌ಗೂ ಚಹಾದ ಬಣ್ಣ ಇಳಿದಿದ್ದರೆ ಅದು ಗಾಯದಿಂದ ಒಸರುವ ಫಿನಾಲ್ ಅನ್ನುವ ಗಿಡದ ರಸ. ಗುಲಾಬಿಯಲ್ಲಿ, ಬಲಿತ ಕಡ್ಡಿಯಲ್ಲಿ ಇದು ಜಾಸ್ತಿ. ತುಂಡು ಮೊದಲು ಬಿಳಿಚಿಕೊಂಡು ಆಮೇಲೆ ಕಂದಾಗಿ, ಅಗರ್ ಮಾತ್ರ ತಿಳಿಯಾಗೇ ಇದ್ದರೆ ಬ್ಲೀಚ್‌ನಿಂದ ಸುಟ್ಟದ್ದು. ಎರಡನೆಯದಕ್ಕೆ ಸಮಯ ಕಡಿಮೆ ಮಾಡಿ, ತೊಳೆದ ಮೇಲೆ ಸುಟ್ಟ ತುದಿಗಳನ್ನು ಕತ್ತರಿಸಿ ಹಾಕಿ.

ಮೊದಲನೆಯದಕ್ಕೆ ಹೊಸ ಬ್ಲೇಡು ಅರ್ಧ ಔಷಧಿ. ಮೊಂಡು ಬ್ಲೇಡು ಜಜ್ಜುತ್ತದೆ, ಜಜ್ಜಿದಷ್ಟೂ ಒಸರುತ್ತದೆ. ಕತ್ತರಿಸಿದ ತುಂಡನ್ನು ಆಸ್ಕಾರ್ಬಿಕ್ ಮತ್ತು ಸಿಟ್ರಿಕ್ ಆಮ್ಲ ಬೆರೆಸಿದ ನೀರಲ್ಲಿ ಸ್ವಲ್ಪ ಹೊತ್ತು ಬಿಡಿ. ಮೊದಲ ವಾರ ಕತ್ತಲಲ್ಲಿಡಿ. ಬಣ್ಣ ಇಳಿದ ಕೂಡಲೇ ಒಂದೆರಡು ದಿನದಲ್ಲಿ ಹೊಸ ಮೀಡಿಯಾಕ್ಕೆ ಸಾಗಿಸಿ. ಇಷ್ಟಾದ ಮೇಲೂ ನಿಲ್ಲದಿದ್ದರೆ ಮಾತ್ರ ಲೀಟರಿಗೆ 1–2 ಗ್ರಾಂ ಆಕ್ಟಿವೇಟೆಡ್ ಚಾರ್ಕೋಲ್. ಅದು ಹಾರ್ಮೋನನ್ನೂ ಹೀರಿಕೊಳ್ಳುತ್ತದೆ ಅನ್ನುವುದು ನೆನಪಿರಲಿ.

ಲಕ್ಷಣ: ಎಲೆ ಗಾಜಿನಂತೆ, ಮುಟ್ಟಿದರೆ ಮುರಿಯುತ್ತದೆ

ಕಾರ್ನೇಷನ್‌ನಲ್ಲಿ ಇದು ಸಾಮಾನ್ಯ, ಜರ್ಬೆರಾದಲ್ಲೂ ಬರುತ್ತದೆ. ಎಲೆ ದಪ್ಪಗೆ, ನೀರು ತುಂಬಿದಂತೆ, ಬೆಳಕು ಆಚೆ ಕಾಣುವಷ್ಟು ತೆಳುಹಸಿರು. ಚಿಮಟದಲ್ಲಿ ಹಿಡಿದರೆ ಬಾಗದೆ ಪಟ್ ಅಂತ ಮುರಿಯುತ್ತದೆ, ಮುರಿದ ಕಡೆ ನೀರು ಒಸರುತ್ತದೆ. ನೋಡಲು ಸೊಂಪಾಗಿ ಬೆಳೆದಂತೆ ಕಾಣುವುದರಿಂದ ಹೊಸಬರು ಖುಷಿಪಡುತ್ತಾರೆ. ಈ ಸಸಿಗಳು ಹಾರ್ಡನಿಂಗ್‌ನಲ್ಲಿ ಬದುಕುವುದು ಬಹಳ ಕಡಿಮೆ.

ಬಾಟಲಿಯ ಗೋಡೆ ನೋಡಿ. ಹನಿಗಳು ಇಳಿಯುತ್ತಿದ್ದರೆ ಒಳಗೆ ತೇವ ಜಾಸ್ತಿ. ಈಗ ಬಾಟಲಿ ನಿಂತ ಹಲಗೆಯನ್ನು ಅಂಗೈಯಿಂದ ಮುಟ್ಟಿ. ಕೆಳಗಿನ ಹಲಗೆಯ ಟ್ಯೂಬ್‌ಲೈಟಿನ ಚೋಕ್ ಮೇಲಿನ ಹಲಗೆಯನ್ನು ಬಿಸಿ ಮಾಡುತ್ತದೆ. ತಳ ಬಿಸಿ, ಮುಚ್ಚಳ ತಂಪು ಆದರೆ ನೀರು ಆವಿಯಾಗಿ ಮೇಲೆ ಹನಿ ಕಟ್ಟಿ ಎಲೆ ಮೇಲೆ ಬೀಳುತ್ತಲೇ ಇರುತ್ತದೆ. ಚೋಕ್ ಹೊರಗೆ ಹಾಕಿಸಿ, ಅಥವಾ ಎಲ್‌ಇಡಿಗೆ ಬದಲಿಸಿ. ಇಡೀ ಕೋಣೆಯ ಬಾಟಲಿ ಹಾಳಾಗದೆ ಒಂದೇ ಹಲಗೆಯದು ಹಾಳಾಗಿದ್ದರೆ ಕಾರಣ ಇದೇ ಆಗಿರುತ್ತದೆ, ಮೀಡಿಯಾ ಮುಟ್ಟಬೇಡಿ.

ಎಲ್ಲ ಹಲಗೆಯಲ್ಲೂ ಇದ್ದರೆ ಅಗರ್ ಒಂದು ಗ್ರಾಂ ಏರಿಸಿ. ಫಿಲ್ಟರ್ ಇರುವ, ಗಾಳಿ ಆಡುವ ಮುಚ್ಚಳ ಹಾಕಿ. ಕೋಣೆ 25 ಡಿಗ್ರಿ ಆಸುಪಾಸಿನಲ್ಲಿದೆಯಾ ನೋಡಿ. ಆಮೇಲೆ ಬಿಎಪಿಯನ್ನು ಅರ್ಧಕ್ಕೆ ಇಳಿಸಿ. ಹೆಚ್ಚು ಕವಲು ಬರಲಿ ಅಂತ ಬಿಎಪಿ ಏರಿಸುತ್ತಾ ಹೋದ ಲ್ಯಾಬ್‌ಗಳಲ್ಲಿ ಇದು ತಪ್ಪಿದ್ದಲ್ಲ.

ಬೇಸಿಗೆಗೆ ಒಂದು ಮಾತು. ಎಸಿಗೆ ಬ್ಯಾಕಪ್ ಇಲ್ಲದಿದ್ದರೆ ದೀಪಕ್ಕೂ ಬ್ಯಾಕಪ್ ಕೊಡಬೇಡಿ. ಮುಚ್ಚಿದ ಕೋಣೆಯಲ್ಲಿ ದೀಪದ ಶಾಖ ಸೇರಿ ಬಾಟಲಿಗಳು ಬೇಯುತ್ತವೆ. ಒಂದು ದಿನ ಕತ್ತಲಾದರೆ ಗಿಡಕ್ಕೆ ಏನೂ ಆಗುವುದಿಲ್ಲ.

ಲಕ್ಷಣ: ಎಲೆ ಹಳದಿ, ತುದಿ ಕಪ್ಪು

ಕೆಳಗಿನ ಎಲೆಗಳು ಹಳದಿಯಾಗಿ ಉದುರಿದರೆ ಬಾಟಲಿ ಹಳೆಯದಾಗಿದೆ, ಅಥವಾ ಒಳಗೆ ಎಥಿಲೀನ್ (ಗಿಡವೇ ಬಿಡುವ ಅನಿಲ) ಕಟ್ಟಿದೆ. ಮೂರ್ನಾಲ್ಕು ವಾರಕ್ಕೆ ಸಬ್‌ಕಲ್ಚರ್ ಮಾಡಿ. ಹೊಸ ಎಲೆಗಳೇ ಬಿಳಿಚಿಕೊಂಡು ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಐರನ್ ಸ್ಟಾಕ್ ಬೆಳಕಿಗೆ ಕೆಡುತ್ತದೆ, ಕಂದು ಬಾಟಲಿಯಲ್ಲಿ ಫ್ರಿಜ್ಜಿನಲ್ಲಿಡಿ. ತಳದಲ್ಲಿ ತುಕ್ಕಿನ ಬಣ್ಣ ಕೂತಿದ್ದರೆ ಚೆಲ್ಲಿ ಹೊಸದು ಮಾಡಿ. ಬೆಳೆಯುವ ತುದಿಯೇ ಕಪ್ಪಾಗಿ ಒಣಗಿದರೆ ತುದಿಗೆ ಕ್ಯಾಲ್ಸಿಯಂ ಮುಟ್ಟುತ್ತಿಲ್ಲ. ಇದಕ್ಕೂ ಮೊದಲು ಮಾಡಬೇಕಾದದ್ದು ಗಾಳಿ ಆಡುವ ಮುಚ್ಚಳವೇ. ಎಲೆಯಿಂದ ನೀರು ಆವಿಯಾದರೆ ತಾನೇ ಕ್ಯಾಲ್ಸಿಯಂ ಮೇಲೇರುವುದು.

ಲಕ್ಷಣ: ಕವಲು ಇಲ್ಲ, ಬೇರು ಇಲ್ಲ

ಈಗ ಹಾರ್ಮೋನ್ ಮಾತು. ಅದರಲ್ಲೂ ಪ್ರಮಾಣ ಬದಲಿಸುವ ಮುಂಚೆ ಲೆಕ್ಕ ನೋಡಿ. 100 ಮಿಲಿಗ್ರಾಂ ಬಿಎಪಿಯನ್ನು 100 ಮಿಲಿಲೀಟರ್‌ಗೆ ಮಾಡಿದ್ದರೆ ಒಂದು ಮಿಲಿಲೀಟರ್‌ನಲ್ಲಿ ಒಂದು ಮಿಲಿಗ್ರಾಂ. ಈ ದಶಮಾಂಶದ ತಪ್ಪು ಎಲ್ಲ ಲ್ಯಾಬ್‌ಗೂ ಒಮ್ಮೆ ಬರುವಂಥದ್ದು. ಬಿಎಪಿ ನೀರಲ್ಲಿ ನೇರವಾಗಿ ಕರಗುವುದಿಲ್ಲ. ಕೆಲವು ಹನಿ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಮೊದಲು ಕರಗಿಸಬೇಕು, ಇಲ್ಲವೆಂದರೆ ತಳದಲ್ಲೇ ಉಳಿಯುತ್ತದೆ. ಐಎಎ ಅನ್ನುವ ಇನ್ನೊಂದು ಹಾರ್ಮೋನ್ ಶಾಖಕ್ಕೆ, ಬೆಳಕಿಗೆ ಕೆಡುತ್ತದೆ. ಬಿಎಪಿ, ಎನ್‌ಎಎ ಆಟೋಕ್ಲೇವ್ ತಡೆದುಕೊಳ್ಳುತ್ತವೆ.

ಬೇರು ಬಾರದಿದ್ದರೆ ಹಿಂದಿನ ಮೀಡಿಯಾದ ಬಿಎಪಿ ಗಿಡದಲ್ಲಿ ಉಳಿದಿರಬಹುದು. ಹಾರ್ಮೋನ್ ಇಲ್ಲದ ಮೀಡಿಯಾದಲ್ಲಿ ಒಂದು ಸುತ್ತು ಇಟ್ಟು, ಆಮೇಲೆ ಅರ್ಧ ಎಂಎಸ್‌ಗೆ (ಲವಣ ಅರ್ಧದಷ್ಟು ಇರುವ ಮೀಡಿಯಾ) ಹಾಕಿ. ಸೇವಂತಿಗೆಗೆ ಬಾಟಲಿಯಲ್ಲಿ ಬೇರು ಬರಿಸುವ ಖರ್ಚೇ ಬೇಡ. ಕವಲನ್ನು ನೇರವಾಗಿ ತೇವದ ಕೋಕೋಪೀಟ್‌ಗೆ ಚುಚ್ಚಿದರೂ ಬೇರು ಬಿಡುತ್ತದೆ.

ಲಕ್ಷಣ: ಬಾಟಲಿಯಲ್ಲಿ ಚೆನ್ನಾಗಿತ್ತು, ಟ್ರೇಗೆ ಬಂದು ಸತ್ತಿತು

ದುಡ್ಡು ನಿಜವಾಗಿ ಮುಳುಗುವುದು ಇಲ್ಲೇ. ಬಾಟಲಿಯಲ್ಲಿ ಬೆಳೆದ ಎಲೆಗೆ ಮೇಣದ ಪದರ ತೀರಾ ತೆಳು, ಪತ್ರರಂಧ್ರಗಳಿಗೆ ಮುಚ್ಚಿಕೊಳ್ಳುವ ಅಭ್ಯಾಸವೇ ಇಲ್ಲ. ಹೊರಗೆ ಬಂದ ಗಳಿಗೆಯಿಂದ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ.

ಒಂದೆರಡು ಗಂಟೆಯಲ್ಲೇ ಬಾಡಿ ಮಲಗಿದರೆ ಗಾಳಿ ಒಣಗಿದೆ. ಮಾರ್ಚ್‌ನಿಂದ ಮೇವರೆಗೆ ವಿಜಯಪುರ, ಬಾಗಲಕೋಟೆಯ ಮಟಮಟ ಮಧ್ಯಾಹ್ನಕ್ಕೆ ಯಾವ ಸಸಿಯೂ ತಡೆಯುವುದಿಲ್ಲ. ಫಾಗರ್ (ಮಂಜಿನಂತೆ ನೀರು ಸಿಂಪಡಿಸುವ ಸಾಧನ) ಇರುವ ಮನೆ ಇಲ್ಲದಿದ್ದರೆ ಆ ತಿಂಗಳುಗಳಲ್ಲಿ ಬಾಟಲಿ ತೆರೆಯಲೇಬೇಡಿ. ಮಳೆ ಹಿಡಿದ ಮೇಲೆ ಅಥವಾ ದಸರಾ ನಂತರ ಮಾಡಿ. ಸಂಜೆ ಹೊತ್ತು ತೆಗೆಯಿರಿ. ಟ್ರೇ ಮೇಲೆ ಪ್ಲಾಸ್ಟಿಕ್ ಗೂಡು ಕಟ್ಟಿ, ಶೇಡ್ ನೆಟ್ ಕೆಳಗಿಡಿ, ಒಳಗಿನ ತೇವ ಶೇ 80–90 ಇರಲಿ. ವಾರದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ತೆರೆಯುತ್ತಾ ಬನ್ನಿ. ಮೂರು ವಾರಕ್ಕೆ ಪೂರ್ತಿ ತೆರೆದರೆ ಸಾಕು, ಅವಸರ ಬೇಡ.

ನಾಲ್ಕೈದು ದಿನ ಚೆನ್ನಾಗಿದ್ದು ಬುಡ ಕೊಳೆತು ವಾಲಿದರೆ ಬೇರಿಗೆ ಅಗರ್ ಅಂಟಿಕೊಂಡಿತ್ತಾ ನೋಡಿ. ಅದರಲ್ಲಿ ಲೀಟರಿಗೆ 30 ಗ್ರಾಂ ಸಕ್ಕರೆ ಇರುತ್ತದೆ, ಮಣ್ಣಿನ ಬೂಷ್ಟಿಗೆ ಹಬ್ಬ. ಉಗುರು ಬೆಚ್ಚಗಿನ ನೀರಲ್ಲಿ ಬೆರಳಿನಿಂದ ಮೆಲ್ಲಗೆ ಉಜ್ಜಿ ಪೂರ್ತಿ ತೊಳೆಯಿರಿ. ಜರ್ಬೆರಾದ ನೆತ್ತಿ ಕೋಕೋಪೀಟ್ ಒಳಗೆ ಹೂತುಹೋಗಬಾರದು, ಮೇಲೆ ಕಾಣಬೇಕು. ಖಾನಾಪುರ, ಬೆಳಗಾವಿ ಕಡೆಯ ಜಿಟಿಜಿಟಿ ಮಳೆಯಲ್ಲಿ ನೀರು ಕಡಿಮೆ ಕೊಟ್ಟು ಗಾಳಿ ಜಾಸ್ತಿ ಆಡಿಸಿ. ಶಿಲೀಂಧ್ರನಾಶಕ ಬಳಸಿದರೆ ಲೇಬಲ್‌ನ ಪ್ರಮಾಣ ಮೀರಬೇಡಿ, ಕೈಗವಸು ಹಾಕದೆ ಸಸಿ ಅದ್ದಬೇಡಿ.

ಎರಡು ವಾರದ ಮೇಲೆ ಎಲೆ ಅಂಚು ಸುಟ್ಟಂತಾಗಿ ಬೆಳವಣಿಗೆ ನಿಂತರೆ ಉಪ್ಪು. ಕೋಕೋಪೀಟ್ ತೊಳೆಯದೆ ಬಳಸಿದ್ದೀರಾ? ಸವಳು ನೀರು ಕೊಡುತ್ತಿದ್ದೀರಾ? ಕೋಕೋಪೀಟ್ ಹಿಂಡಿದ ನೀರಿಗೆ ಅದೇ ಟಿಡಿಎಸ್ ಪೆನ್ನು ಅದ್ದಿ, ನೀವು ತೊಳೆಯಲು ಬಳಸಿದ ನೀರಿಗಿಂತ ಬಹಳ ಹೆಚ್ಚು ತೋರಿಸಿದರೆ ಇನ್ನೂ ತೊಳೆಯಬೇಕು. ಹಾರ್ಡನಿಂಗ್‌ಗೆ ಮಳೆ ನೀರು ಹಿಡಿದಿಟ್ಟುಕೊಂಡವರಿಗೆ ಈ ತೊಂದರೆಯೇ ಇಲ್ಲ. ನಮ್ಮ ಭಾಗದ ನರ್ಸರಿಗೆ ಅದಕ್ಕಿಂತ ಒಳ್ಳೆಯ ಬಂಡವಾಳ ಕಾಣೆ.

ತೇವ, ನೀರು, ಕೋಕೋಪೀಟ್ ಎಲ್ಲ ಸರಿ ಇದ್ದೂ ಟ್ರೇಗಟ್ಟಲೆ ಸಾಯುತ್ತಿದ್ದರೆ ಔಷಧಿ ಮೇಲೆ ಔಷಧಿ ಹೊಡೆಯಬೇಡಿ. ಸಾಯುತ್ತಿರುವ ಸಸಿಯನ್ನು ಬೇರು ಸಮೇತ ಒಯ್ದು ತೋರಿಸಿ. ಬಾಗಲಕೋಟೆಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ, ಘಟಪ್ರಭಾ ಹತ್ತಿರ ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜು ಇದೆ. ಪೂರ್ತಿ ಸತ್ತು ಒಣಗಿದ್ದನ್ನು ಒಯ್ದರೆ ಅವರಿಗೂ ಏನೂ ಸಿಗುವುದಿಲ್ಲ. ಅರ್ಧ ಜೀವ ಇರುವಾಗಲೇ ಒಯ್ಯಿರಿ.

ಲಕ್ಷಣ: ಹೂ ತಾಯಿ ಗಿಡದಂತೆ ಬರಲಿಲ್ಲ

ಮೊದಲು ಲೇಬಲ್ ಅದಲುಬದಲಾಗಿದೆಯಾ ನೋಡಿ. ಬೇಸರದ ವಿಷಯ ಅಂದರೆ ಬಹಳ ಸಲ ಅದೇ ಕಾರಣ. ಅದಲ್ಲದಿದ್ದರೆ ಎಷ್ಟು ಸಬ್‌ಕಲ್ಚರ್ ಆಗಿದೆ ಅಂತ ಲೆಕ್ಕ ತೆಗೆಯಿರಿ. ಒಂದೇ ಸಾಲನ್ನು ವರ್ಷಗಟ್ಟಲೆ ಎಳೆದಾಗ, ಕ್ಯಾಲಸ್ ಗಂಟಿನಿಂದ (ರೂಪವಿಲ್ಲದೆ ಬೆಳೆದ ಜೀವಕೋಶಗಳ ಮುದ್ದೆ) ಗಿಡ ಎಬ್ಬಿಸಿದಾಗ ಬೇರೆ ಥರದ ಗಿಡಗಳು ಜಾಸ್ತಿ. ಕೆಲವು ಸೇವಂತಿಗೆ ತಳಿಗಳಲ್ಲಿ ಹೊರ ಪದರದ ಜೀವಕೋಶ ಒಂದು, ಒಳ ಪದರದ್ದು ಇನ್ನೊಂದು. ಎಲೆ ತುಂಡಿನಿಂದ ಎಬ್ಬಿಸಿದರೆ ಎರಡೂ ಬೇರೆಯಾಗಿ ಹೂವಿನ ಬಣ್ಣವೇ ಬದಲಾಗುತ್ತದೆ. ಅಂಥವನ್ನು ಮೊಗ್ಗಿನ ತುದಿಯಿಂದ ಮಾತ್ರ ಮಾಡಬೇಕು. ಜರ್ಬೆರಾ ಪೊದೆಯಂತೆ ಬೆಳೆದು ಹೂ ಚಿಕ್ಕದಾದರೆ ಬಾಟಲಿಯಲ್ಲಿ ಬಿಎಪಿ ಹೆಚ್ಚಾಗಿತ್ತು.

ಎಲೆಯಲ್ಲಿ ಹಸಿರು ಹಳದಿ ಮಚ್ಚೆ, ಹೂವಿನ ದಳದಲ್ಲಿ ಬಣ್ಣ ಒಡೆದ ಗೆರೆ ಕಂಡರೆ ಅದು ವೈರಸ್ ಇರಬಹುದು. ಟಿಶ್ಯೂ ಕಲ್ಚರ್ ಗಿಡಕ್ಕೆ ವೈರಸ್ ಇರುವುದಿಲ್ಲ ಅನ್ನುವುದು ತಪ್ಪು ನಂಬಿಕೆ. ತಾಯಿ ಗಿಡದಲ್ಲಿದ್ದರೆ ಪ್ರತಿ ಬಾಟಲಿಯಲ್ಲೂ ಇರುತ್ತದೆ. ಅದನ್ನು ಬಿಡಿಸಲು ಅರ್ಧ ಮಿಲಿಮೀಟರ್‌ಗಿಂತ ಚಿಕ್ಕ ಬೆಳವಣಿಗೆಯ ತುದಿಯನ್ನು ಮೈಕ್ರೋಸ್ಕೋಪ್ ಕೆಳಗೆ ತೆಗೆದು ಬೆಳೆಸಬೇಕು, ಆಮೇಲೆ ಪರೀಕ್ಷೆ ಮಾಡಿಸಬೇಕು. ಇದು ಸಣ್ಣ ಲ್ಯಾಬಿನ ಕೆಲಸವಲ್ಲ. ಟಿಶ್ಯೂ ಕಲ್ಚರ್ ಗಿಡಗಳ ಗುಣಮಟ್ಟಕ್ಕೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಪ್ರಮಾಣೀಕರಣ ವ್ಯವಸ್ಥೆ ನಡೆಸುತ್ತಿದೆ, ವೈರಸ್ ಪರೀಕ್ಷೆಯ ಮಾನ್ಯ ಲ್ಯಾಬ್‌ಗಳು ಅದರಡಿ ಇವೆ. ತಾಯಿ ಗಿಡದ ಎಲೆಯನ್ನು ಅಲ್ಲಿಗೆ ಕಳಿಸಿ. ವರದಿ ಬರುವವರೆಗೆ ಆ ಸಾಲಿನ ಒಂದು ಸಸಿಯನ್ನೂ ರೈತರಿಗೆ ಮಾರಬೇಡಿ, ಅದೇ ಬ್ಲೇಡಿನಲ್ಲಿ ಬೇರೆ ಸಾಲನ್ನು ಕತ್ತರಿಸಬೇಡಿ.